ಅರ್ಧ ಬ್ಲೇಡಿನ ಕ್ಷೌರದ ಕತ್ತಿ: ಕಡಿಮೆ ಬೆಲೆಯದರಲ್ಲಿ ಒಳ್ಳೆಯದನ್ನು ಗುರುತಿಸುವುದು ಹೇಗೆ?

ನಮಸ್ಕಾರ ವೀಕ್ಷಕರೇ. ಸೆಲೂನುಗಳಲ್ಲಿ ಬ್ಲೇಡನ್ನು ಎರಡು ತುಂಡು ಮಾಡಿ ಸಿಕ್ಕಿಸಿಕೊಳ್ಳುವ ಮಡಚುವ ಕತ್ತಿಯನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಮನೆಯಲ್ಲಿ ಬಳಸಬಯಸುವ ಅನೇಕರು ನಮಗೆ ಕೇಳಿರುವ ಪ್ರಶ್ನೆ ಒಂದೇ: 200–300 ರೂಪಾಯಿಗೆ ಸಿಗುವ ಕತ್ತಿಗಳೆಲ್ಲ ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುವಾಗ, ಅವುಗಳಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆ?

ಹಿನ್ನೆಲೆಯನ್ನು ಬೇಗ ಮುಗಿಸೋಣ. ಹಳೆಯ ಕಾಲದ ಕ್ಷೌರದ ಕತ್ತಿಗೆ ತನ್ನದೇ ಅಲಗು ಇರುತ್ತಿತ್ತು. ಅದನ್ನು ಸಾಣೆಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಗೆ ತೀಡಿ ಹರಿತವಾಗಿ ಇಟ್ಟುಕೊಳ್ಳಬೇಕಾಗಿತ್ತು. ಬಳಸಿ ಬಿಸಾಡಬಹುದಾದ ತೆಳು ಬ್ಲೇಡಿನ ರೇಜರಿಗೆ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದರು. ಆ ಎರಡಲಗಿನ ಬ್ಲೇಡಿನ ಇಂದಿನ ರೂಪವನ್ನೇ ಉದ್ದಕ್ಕೆ ಮುರಿದು ನಾವು ಈ ಕತ್ತಿಗೆ ಹಾಕುತ್ತೇವೆ. ಅಂದರೆ ಈ ಕತ್ತಿಗೆ ಸ್ವಂತ ಹರಿತವೇ ಇಲ್ಲ. ಆದ್ದರಿಂದ ‘ಈ ಕತ್ತಿ ತುಂಬ ಹರಿತ’ ಎಂಬ ಹೊಗಳಿಕೆಯನ್ನು ನಂಬಿ ಯಾರೂ ಹಣ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕತ್ತಿಯ ಕೆಲಸ ಬ್ಲೇಡನ್ನು ನೇರವಾಗಿ, ಅಲುಗದಂತೆ ಹಿಡಿದುಕೊಳ್ಳುವುದು. ಅದರ ಗುಣಮಟ್ಟವನ್ನು ಅಳೆಯಬೇಕಾದದ್ದೂ ಅಲ್ಲಿಯೇ.

[ಹತ್ತಿರದ ದೃಶ್ಯ: ಕಾಗದದೊಳಗೇ ಬ್ಲೇಡನ್ನು ಬಗ್ಗಿಸಿ ಮುರಿದು, ಅರ್ಧವನ್ನು ಕತ್ತಿಯ ಬಾಯಿಗೆ ಕೂರಿಸುವುದು]

ಈ ಬ್ಲೇಡಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಮಾತ್ರ. ಇಷ್ಟು ತೆಳುವಾದದ್ದನ್ನು ಸುಮಾರು 4 ಸೆಂಟಿಮೀಟರ್ ಉದ್ದಕ್ಕೂ ಒಂದೇ ಸಮನೆ ಒತ್ತಿ ಹಿಡಿಯಬೇಕಾದರೆ, ಕತ್ತಿಯ ಬಾಯಿಯ ಎರಡು ತಗಡುಗಳೂ ಆದಿಯಿಂದ ಅಂತ್ಯದವರೆಗೆ ಸರಿಯಾಗಿ ಕೂಡಿಕೊಳ್ಳಬೇಕು. ಬ್ಲೇಡ್ ಹಾಕಿದ ಮೇಲೆ ಕತ್ತಿಯನ್ನು ಕಣ್ಣಿನ ಮಟ್ಟಕ್ಕೆ ತಂದು ಬೆಳಕಿಗೆ ಹಿಡಿದು ನೋಡಿ. ಹೊರಗೆ ಚಾಚಿರುವ ಅಲಗಿನ ಪಟ್ಟಿ ತುದಿಯಲ್ಲೂ ಬುಡದಲ್ಲೂ ಒಂದೇ ಅಗಲಕ್ಕಿರಬೇಕು. ಒಂದು ಕಡೆ ಹೆಚ್ಚು ಚಾಚಿಕೊಂಡಿದ್ದರೆ, ಚರ್ಮಕ್ಕೆ ಮೊದಲು ತಗಲುವುದೂ ಗಾಯ ಮಾಡುವುದೂ ಆ ಕಡೆಯೇ. ಅನಂತರ ಒಂದು ಬೆಂಕಿಕಡ್ಡಿಯಿಂದ ಬ್ಲೇಡಿನ ಮೂಲೆಯನ್ನು ಮೆಲ್ಲಗೆ ದೂಡಿ. ಬೆರಳಿನಿಂದ ಎಂದಿಗೂ ಬೇಡ. ಬ್ಲೇಡ್ ಕೂದಲೆಳೆಯಷ್ಟು ಜರುಗಿದರೂ ಆ ಕತ್ತಿ ಮುಖಕ್ಕೆ ಯೋಗ್ಯವಲ್ಲ.

ಇಲ್ಲಿ ಒಂದು ನ್ಯಾಯವಾದ ಸಂದೇಹ ಏಳುತ್ತದೆ. ಶೇವಿಂಗ್ ಸರಿಬರಲಿಲ್ಲ, ಒಂದು ಕಡೆ ಉರಿಯುತ್ತಿದೆ ಎಂದಾಗ ತಪ್ಪು ಕತ್ತಿಯದೋ ಬ್ಲೇಡಿನದೋ ಎಂದು ತಿಳಿಯುವುದು ಹೇಗೆ? ಇದಕ್ಕೆ ಒಂದು ಸರಳ ಪರೀಕ್ಷೆ ಇದೆ. ಅರ್ಧ ಬ್ಲೇಡನ್ನು ಹೊರತೆಗೆದು, ಅಲಗು ಹೊರಮುಖವಾಗಿಯೇ ಉಳಿಯುವಂತೆ ತಿರುವಿ, ಎಡ ತುದಿ ಬಲಕ್ಕೂ ಬಲ ತುದಿ ಎಡಕ್ಕೂ ಬರುವಂತೆ ಮತ್ತೆ ಕೂರಿಸಿ. ತೊಂದರೆ ಕತ್ತಿಯ ಅದೇ ತುದಿಯಲ್ಲಿ ಉಳಿದರೆ ದೋಷ ಕತ್ತಿಯ ಬಾಯಿಯದು. ತೊಂದರೆಯೂ ಬ್ಲೇಡಿನ ಜೊತೆ ಆಚೆ ತುದಿಗೆ ಹೋದರೆ ದೋಷ ಬ್ಲೇಡಿನದು. ಯಾವ ಉಪಕರಣವೂ ಬೇಡದ, ಒಂದು ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆಗಿಂತ ನಂಬಿಕೆಗೆ ಅರ್ಹವಾದದ್ದನ್ನು ನಾನು ಕಂಡಿಲ್ಲ.

ಬ್ಲೇಡಿನ ದೋಷ ಎಂದೆನಲ್ಲ, ಅದರ ಬಗ್ಗೆ ನನಗೆ ಬಹಳ ಅಚ್ಚರಿ ಹುಟ್ಟಿಸಿದ ಒಂದು ಅಧ್ಯಯನವನ್ನು ಹೇಳಲೇಬೇಕು. ಬ್ಲೇಡಿನ ಉಕ್ಕಿಗೆ ಹೋಲಿಸಿದರೆ ಕೂದಲು ಸುಮಾರು 50 ಪಟ್ಟು ಮೃದು. ಹಾಗಿದ್ದರೂ ಕೆಲವು ಸಲದ ಬಳಕೆಯಲ್ಲೇ ಬ್ಲೇಡ್ ಮೊಂಡಾಗುತ್ತದೆ, ಏಕೆ? ಅಮೆರಿಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕ ಜಿಯಾನ್ಲೂಕಾ ರೊಸ್ಕಿಯೊಲಿ ತಾವೇ ಶೇವ್ ಮಾಡಿಕೊಂಡು, ಪ್ರತಿ ಸಲವೂ ಆ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಅಲಗು ನಿಧಾನವಾಗಿ ಸವೆದು ದುಂಡಗಾಗಿರಬಹುದು ಎಂಬ ನಿರೀಕ್ಷೆ ಸುಳ್ಳಾಯಿತು. ಅಲಗಿನಲ್ಲಿ ಅಲ್ಲಲ್ಲಿ ಸಣ್ಣ ಚಕ್ಕೆಗಳು ಎದ್ದುಹೋಗಿದ್ದವು. ಮತ್ತೆ ಅವರು ಸೂಕ್ಷ್ಮದರ್ಶಕದ ಒಳಗೇ ಕೂದಲು ಕತ್ತರಿಸುವ ಪುಟ್ಟ ಸಾಧನವೊಂದನ್ನು ಕಟ್ಟಿ ಪರೀಕ್ಷಿಸಿದರು. ಕೂದಲು ಅಲಗಿಗೆ ಲಂಬವಾಗಿ ನಿಂತಾಗ ಚಕ್ಕೆ ಏಳಲಿಲ್ಲ. ಕೂದಲಿಗೆ ಬಾಗಲು ಅವಕಾಶವಿದ್ದಾಗ, ಕೂದಲಿನ ಪಕ್ಕಕ್ಕೆ ಅಲಗು ತಗಲುವ ಜಾಗದಲ್ಲಿ ಚಕ್ಕೆ ಏಳುವ ಸಂಭವ ಹೆಚ್ಚಿತ್ತು. ಅದರಲ್ಲೂ ಉಕ್ಕಿನ ಒಳರಚನೆ ಏಕರೂಪವಾಗಿರದ ಕಡೆ. ಈ ಅಧ್ಯಯನ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಮ್ಮ ವಿಷಯಕ್ಕೆ ಇದರಿಂದ ಎರಡು ತೀರ್ಮಾನಗಳನ್ನು ನಾನು ತೆಗೆದುಕೊಳ್ಳುತ್ತೇನೆ. ಬ್ಲೇಡಿಗೆ ಕೆಡುವುದು ಸಹಜವಾದ್ದರಿಂದ, ಕತ್ತಿಯನ್ನು ಪರೀಕ್ಷಿಸುವಾಗ ಯಾವಾಗಲೂ ಹೊಸ ಬ್ಲೇಡನ್ನೇ ಹಾಕಬೇಕು. ಹಳೆಯ ಬ್ಲೇಡ್ ಹಾಕಿ ಕತ್ತಿಯನ್ನು ದೂರುವುದು ಅನ್ಯಾಯ. ಎರಡನೆಯದಾಗಿ, ಬಾಗುವ ಕೂದಲೇ ಅಲಗಿಗೆ ಇಷ್ಟು ಹಾನಿ ಮಾಡಬಲ್ಲದಾದರೆ, ಅದರ ಜೊತೆಗೆ ಬ್ಲೇಡೂ ಹಿಡಿತ ತಪ್ಪಿ ಅಲುಗುವ ಕತ್ತಿಯನ್ನು ಯಾವ ಬೆಲೆಗೂ ಕೊಳ್ಳುವುದು ಸರಿಯಲ್ಲ.

[ಹತ್ತಿರದ ದೃಶ್ಯ: ಬ್ಲೇಡ್ ಇಲ್ಲದ ಕತ್ತಿಯ ಬಾಯಿಯ ಅಂಚಿನ ಮೇಲೆ ಹತ್ತಿ ಉಂಡೆ ಸವರುವುದು]

ವಿಡಿಯೋದ ಸಮಯ ಮೀರುತ್ತಿರುವುದರಿಂದ ಉಳಿದವನ್ನು ಒಟ್ಟಿಗೇ ಹೇಳುತ್ತೇನೆ. ಬ್ಲೇಡ್ ತೆಗೆದು ಬಾಯಿಯ ಅಂಚಿಗೆ ಹತ್ತಿ ಸವರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಲೋಹದ ಸಿಬಿರು ಉಳಿದಿದೆ ಎಂದರ್ಥ, ಅದು ಮುಖವನ್ನು ಗೀರುತ್ತದೆ. ಬ್ಲೇಡಿನ ಚೂಪು ಮೂಲೆ ಕತ್ತಿಯ ಮೂತಿಯಿಂದ ಹೊರಗೆ ಇಣುಕಬಾರದು; ಕಲಿಯುವವರ ಕಿವಿ ಮತ್ತು ಮೂಗಿನ ಬಳಿಯ ಗಾಯಗಳಿಗೆ ಆ ಮೂಲೆಯೇ ಕಾರಣ. ಕೀಲಿನ ಬಳಿ ಅಡ್ಡಡ್ಡ ಅಲುಗಾಟ ಇರಬಾರದು, ತೆರೆದಿಟ್ಟ ಕೋನದಲ್ಲಿ ಕತ್ತಿ ತಾನಾಗಿ ಬೀಳದೆ ನಿಲ್ಲಬೇಕು, ಮಡಚಿದಾಗ ಅಲಗು ಹಿಡಿಕೆಯ ಒಳಗೋಡೆಗೆ ತಾಗಬಾರದು. ಕೀಲಿಗೆ ರಿವಿಟ್ ಬದಲು ಸ್ಕ್ರೂ ಇದ್ದರೆ, ಸಡಿಲವಾದಾಗ ಬಿಗಿ ಮಾಡಿಕೊಳ್ಳುವ ಅನುಕೂಲವಿದೆ.

ಅಯಸ್ಕಾಂತ ಹಿಡಿದು ಸ್ಟೇನ್‌ಲೆಸ್ ಉಕ್ಕನ್ನು ಪರೀಕ್ಷಿಸುವುದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಪಾತ್ರೆಗಳಿಗೆ ಬಳಸುವ 304 ದರ್ಜೆಯ ಉಕ್ಕು ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಚಾಕುಗಳಿಗೆ ಬಳಸುವ 420 ದರ್ಜೆಯದು ಅಂಟುತ್ತದೆ, ಎರಡೂ ಸ್ಟೇನ್‌ಲೆಸ್ಸೇ. ಅದರ ಬದಲು ಬಾಯಿಯ ಒಳಭಾಗವನ್ನು ನೋಡಿ. ಹೊರಗೆ ಹೊಳೆಯುವ ಲೇಪ ಒಳಗೆ ಎದ್ದುಬಂದಿದ್ದರೆ, ನೀರು ನಿಲ್ಲುವ ಜಾಗವೂ ಅದೇ ಆದ್ದರಿಂದ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಕೊನೆಯದಾಗಿ, ಬಾಯಿ ಪೂರ್ತಿ ತೆರೆದುಕೊಂಡು ಒಳಗೆಲ್ಲ ಬ್ರಷ್ ಆಡುವಂತಿರುವ ಕತ್ತಿಯನ್ನೇ ಆರಿಸಿ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು, ಬ್ಲೇಡ್ ಬದಲಿಸಿದ ಮಾತ್ರಕ್ಕೆ ಬಾಯಿಯ ಸಂದಿಯಲ್ಲಿ ಉಳಿದ ರಕ್ತದ ಕಲೆ ಹೋಗುವುದಿಲ್ಲ. ಆದ್ದರಿಂದ ಕತ್ತಿಯನ್ನು ಮನೆಯವರ ಜೊತೆಗೂ ಹಂಚಿಕೊಳ್ಳಬೇಡಿ. ಬಳಸಿದ ಬ್ಲೇಡುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಸಿ, ಡಬ್ಬಿಗೆ ಟೇಪು ಸುತ್ತಿ, ಒಳಗೆ ಬ್ಲೇಡ್ ಇದೆ ಎಂದು ಮೇಲೆ ಬರೆದು, ಕಸ ಒಯ್ಯುವವರ ಕೈಗೆ ಹೇಳಿಯೇ ಕೊಡಿ.