ಅಂಜದೀವದ ಇಗರ್ಜಿ

ಕೇಳುಗರೆ, ನಮಸ್ಕಾರ.

ನಾನು ಚಿಕ್ಕವಳಿದ್ದಾಗ ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸು ಬಿಣಗಾ ಘಟ್ಟ ಹತ್ತಿ ಇಳಿದೇ ಹೋಗಬೇಕಿತ್ತು. ಆಗೆಲ್ಲ ಸುರಂಗ ಇರಲಿಲ್ಲ. ಸಮುದ್ರ ಕಾಣುವ ತಿರುವು ಬಂದ ಕೂಡಲೇ ಬಸ್ಸಿನಲ್ಲಿ ಇಬ್ಬರು ಕೈ ಎತ್ತುತ್ತಿದ್ದರು. ಒಬ್ಬರು ನಮ್ಮ ಆಯಿ, ಕೈ ಜೋಡಿಸಿ ನಮಸ್ಕಾರ ಮಾಡುತ್ತಿದ್ದಳು. ಇನ್ನೊಬ್ಬರು ನಮ್ಮ ಪಕ್ಕದ ಮನೆಯ ಕ್ರಿಶ್ಚಿಯನ್ ಅಜ್ಜಿ. ಅವರು ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಇಬ್ಬರೂ ನೋಡುತ್ತಿದ್ದದ್ದು ಒಂದೇ ಕಡೆ. ನೀರಿನ ಮೇಲೆ ಹಸಿರಾಗಿ ಮಲಗಿದ ಅಂಜದೀವ ದ್ವೀಪದ ಕಡೆ.

ಆ ದ್ವೀಪದಲ್ಲಿ ಒಂದು ಹಳೆಯ ಇಗರ್ಜಿ, ಅಂದರೆ ಚರ್ಚು, ಇದೆ. ಬ್ರೋತಾಸ್ ಮಾತೆಯ ಇಗರ್ಜಿ. ಬ್ರೋತಾಸ್ ಅಂದರೆ ಒರತೆ ಅಂತ ಅರ್ಥ ಹೇಳುತ್ತಾರೆ. ಹಾಗಾಗಿ ಒರತೆಯ ಮಾತೆ ಅನ್ನಬಹುದು. ಅಜ್ಜಿಗೆ ಮಾತ್ರ ಅವಳು ಬರೀ 'ಸಾಯ್ಬಿಣ್', ಕೊಂಕಣಿಯಲ್ಲಿ ಮೇರಿ ಮಾತೆ. "ಅಗೋ, ಬೆಳ್ಳಗೆ ಕಾಣ್ತದೆ ನೋಡು" ಅಂತ ಬೆರಳು ಮಾಡಿ ತೋರಿಸುತ್ತಿದ್ದರು. ನಾನು ಎಷ್ಟೇ ಕಣ್ಣು ಕಿರಿದು ಮಾಡಿದರೂ ನನಗೆ ಕಂಡದ್ದು ಬರೀ ಮರ.

ಈ ಹೆಸರಿನಲ್ಲಿ ನೀರು ಇರುವುದು ಸುಮ್ನೆ ಅಲ್ಲ. ಅಂಜದೀವದ ಕಥೆ ಶುರುವಾಗುವುದೇ ಸಿಹಿನೀರಿನಿಂದ. ಹಡಗಿನವರಿಗೆ ಉಪ್ಪುನೀರಿನ ನಡುವೆ ಒಂದು ಒರತೆ ಸಿಕ್ಕರೆ ಅದಕ್ಕಿಂತ ದೊಡ್ಡ ಭಾಗ್ಯ ಯಾವುದು? 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಗೋವೆಯ ಹತ್ತಿರದ ಒಂದು ಚಿಕ್ಕ ದ್ವೀಪದಲ್ಲಿ ಇಳಿದದ್ದನ್ನು ಬರೆದಿದ್ದಾನೆ. ಅಲ್ಲಿ ಗುಡಿ ಇತ್ತು, ತೋಟ ಇತ್ತು, ನೀರಿನ ಕೊಳ ಇತ್ತು, ಒಬ್ಬ ಜೋಗಿಯೂ ಇದ್ದ. ಅದು ಅಂಜದೀವವೇ ಇರಬೇಕು ಅನ್ನುವುದು ಹಲವು ಇತಿಹಾಸಕಾರರ ಮಾತು. 1498ರಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವಾಗ ಇಲ್ಲಿ ಲಂಗರು ಹಾಕಿದ, ಹಡಗಿನ ತಳ ಕೆರೆಸಿ ಚೊಕ್ಕ ಮಾಡಿಸಿದ, ನೀರು ತುಂಬಿಸಿಕೊಂಡ. ಅವನ ಜೊತೆಯವರು ಬರೆದಿಟ್ಟ ದಿನಚರಿಯಲ್ಲಿ ಕಲ್ಲು ಕಟ್ಟಿದ ಕೆರೆಯ ಮಾತಿದೆ, ಪಾಳುಬಿದ್ದ ದೊಡ್ಡ ಕಟ್ಟಡದ ಮಾತಿದೆ. ಆ ಕಟ್ಟಡದಲ್ಲಿ ಹುಲ್ಲು ಹೊದಿಸಿದ ಒಂದು ಕೋಣೆ ಮಾತ್ರ ಉಳಿದಿತ್ತು, ಅಲ್ಲಿ ಜನ ಮೂರು ಕಪ್ಪು ಕಲ್ಲುಗಳನ್ನು ಪೂಜಿಸುತ್ತಿದ್ದರು ಅಂತ ಅದು ಹೇಳುತ್ತದೆ. ಬಂದವರು ಅದನ್ನು ಇಗರ್ಜಿ ಅಂತಲೇ ತಿಳಿದರು. ನಮ್ಮವರು ಓದಿದರೆ ಅದು ಯಾವ ಗುಡಿ ಅಂತ ಊಹಿಸಿಬಿಡುತ್ತಾರೆ, ಅಲ್ವಾ? ಅಂಕೋಲೆಯ ಆರ್ಯಾದುರ್ಗೆ ಮೂಲದಲ್ಲಿ ಅಂಜದೀವದವಳು, ಆ ದ್ವೀಪದಿಂದ ಅಂಕೋಲೆಗೆ ಬಂದು ನೆಲೆಸಿದಳು ಅನ್ನುವ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ನಮ್ಮ ಆಯಿ ಬಸ್ಸಿನಲ್ಲಿ ಕೈ ಮುಗಿಯುತ್ತಿದ್ದದ್ದು ಅವಳಿಗೇ.

ಗಾಮನ ನಂತರ 1500ರಲ್ಲಿ ಇನ್ನೊಬ್ಬ ಪೋರ್ಚುಗೀಸ್ ನಾವಿಕ ಕಬ್ರಾಲ್ ಬಂದ. ಅವನ ಹಡಗುಗಳಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳಿದ್ದರು. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೈದ ಇಲ್ಲಿ ಕೋಟೆ ಕಟ್ಟಿಸಿದ, ಮರುವರ್ಷವೇ ಅದನ್ನು ಪೋರ್ಚುಗೀಸರೇ ಕೆಡವಿ ಹೋದರು. ಆಮೇಲೆ ಬಹಳ ಕಾಲ ದ್ವೀಪ ಹಾಗೇ ಬಿದ್ದಿತ್ತು.

ನಡುವೆ ಇಂಗ್ಲಿಷರದ್ದೂ ಒಂದು ದುಃಖದ ಕಥೆ ಇದೆ. ಪೋರ್ಚುಗೀಸರಿಂದ ಮುಂಬೈಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಸುಮಾರು 400 ಸೈನಿಕರಿಗೆ ಮುಂಬೈ ಸಿಗಲಿಲ್ಲ. 1660ರ ದಶಕದಲ್ಲಿ ಅವರು ಅಂಜದೀವದಲ್ಲಿ ಕಾಯುತ್ತ ಕುಳಿತರು. ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ. ಜ್ವರ, ಭೇದಿ. ಅವರ ನಾಯಕ ಅಬ್ರಹಾಂ ಶಿಪ್‌ಮನ್ ಅಲ್ಲೇ ತೀರಿಕೊಂಡ. 1665ರಲ್ಲಿ ಮುಂಬೈ ಕೈಗೆ ಬಂದಾಗ ಉಳಿದವರು ನೂರರ ಆಸುಪಾಸು.

1682ರಲ್ಲಿ ಮರಾಠಾ ರಾಜ ಸಂಭಾಜಿಯ ಭಯಕ್ಕೆ ಪೋರ್ಚುಗೀಸರು ಮತ್ತೆ ಬಂದು ಕೋಟೆ ಎಬ್ಬಿಸಿದರು. ದ್ವೀಪದಲ್ಲಿ ಬ್ರೋತಾಸ್ ಮಾತೆಯ ಇಗರ್ಜಿ ಒಂದು, ಅಸ್ಸೀಸಿಯ ಸಂತ ಫ್ರಾನ್ಸಿಸನ ಪುಟ್ಟ ಪ್ರಾರ್ಥನಾ ಮಂದಿರ ಒಂದು. ಈ ಇಗರ್ಜಿಗೆ ಬರುತ್ತಿದ್ದವರು ಯಾರು ಅಂತ ಯೋಚಿಸಿದರೆ ನನಗೆ ಮನಸ್ಸು ತುಂಬಿ ಬರುತ್ತದೆ. ಕಾವಲಿನ ಸೈನಿಕರು. ಶಿಕ್ಷೆಯಾಗಿ ದ್ವೀಪಕ್ಕೆ ತಳ್ಳಿದ ಕೈದಿಗಳು. 18ನೇ ಶತಮಾನದ ಕೊನೆಯ ಯುದ್ಧಗಳಲ್ಲಿ ಜೀವ ಉಳಿಸಿಕೊಳ್ಳಲು ದೋಣಿ ಹತ್ತಿ ಬಂದ ಕರಾವಳಿಯ ಜನ, ಅವರಲ್ಲಿ ಕ್ರೈಸ್ತರೂ ಇದ್ದರು, ಹಿಂದೂಗಳೂ ಇದ್ದರು. ಊರು ಬಿಟ್ಟವರೇ ಎಲ್ಲ. ಊರು ಬಿಟ್ಟವರಿಗೆ ಒಂದು ತಾಯಿ ಬೇಕಿತ್ತು.

ಇಗರ್ಜಿಯ ಹಬ್ಬ ಫೆಬ್ರವರಿ 2ಕ್ಕೆ. ಸಂತ ಫ್ರಾನ್ಸಿಸನ ಹಬ್ಬ ಅಕ್ಟೋಬರ್ 4ಕ್ಕೆ. ಫೆಬ್ರವರಿ ಅಂದರೆ ನಮ್ಮ ಕಡಲು ಶಾಂತವಾಗಿರುವ ಕಾಲ. ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ ಫೆಸ್ತಿಗೆ ದೋಣಿಯಲ್ಲಿ ಹೋಗಿದ್ದರಂತೆ. ಸೀರೆ ಒದ್ದೆಯಾಗದ ಹಾಗೆ ಮೊಣಕಾಲ ತನಕ ಎತ್ತಿ ಕಟ್ಟಿಕೊಂಡು, ಮಡಿಲಲ್ಲಿ ಮೇಣದಬತ್ತಿಯ ಕಟ್ಟು ಇಟ್ಟುಕೊಂಡು. ಪೂಜೆ ಮುಗಿದ ಮೇಲೆ ಎಲ್ಲರೂ ಒರತೆಯ ನೀರು ಕುಡಿದರಂತೆ.

ಆ ಹೊತ್ತಿಗೆ ದ್ವೀಪ ನಮ್ಮ ದೇಶದ್ದಾಗಿತ್ತು. 1961ರ ನವೆಂಬರಿನಲ್ಲಿ, ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಅಂಜದೀವದಿಂದ 'ಸಾಬರಮತಿ' ಹಡಗಿನ ಮೇಲೆ ಗುಂಡು ಹಾರಿತು. ಮೀನುಗಾರರ ದೋಣಿಯ ಮೇಲೂ ಹಾರಿತು, ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ನಮ್ಮ ನೌಕಾಪಡೆಯವರು ದ್ವೀಪಕ್ಕೆ ಇಳಿದರು. ಆ ಕಾದಾಟದಲ್ಲಿ ನಮ್ಮ 7 ನಾವಿಕರು ಜೀವ ಕೊಟ್ಟರು. ಅಲ್ಲಿ ಅವರ ಸ್ಮಾರಕ ಇದೆ. ಇಗರ್ಜಿಯ ಮಾತು ಬಂದಾಗಲೆಲ್ಲ ಅವರನ್ನೂ ನೆನೆಯಬೇಕು ಅನ್ನುವುದು ನನ್ನ ಆಸೆ.

1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಕಾರವಾರದ್ದೇ ಧರ್ಮಪ್ರಾಂತ್ಯ, ಅಂದರೆ ಬಿಷಪ್ಪರ ಆಡಳಿತದ ಪ್ರದೇಶ, ಆಯಿತು. ದ್ವೀಪ ಮಾತ್ರ ಲೆಕ್ಕದಲ್ಲಿ ಗೋವೆಯದೇ, ಕಾಣಕೋಣ ತಾಲೂಕಿನದು. 1986ರಲ್ಲಿ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. ಕಲ್ಲು ಸುರಿದು ಕಟ್ಟಿದ ಅಲೆತಡೆ ಗೋಡೆ ದ್ವೀಪವನ್ನು ದಡಕ್ಕೆ ಸೇರಿಸಿತು. ಭದ್ರತೆಯ ಕಾರಣಕ್ಕೆ ಜನ ಹೋಗುವುದು ನಿಂತಿತು. ನೆಲದಿಂದ ದೂರ ಇದ್ದಾಗ ಹೋಗಬಹುದಿತ್ತು, ನೆಲಕ್ಕೆ ಕೂಡಿಕೊಂಡ ಮೇಲೆ ಹೋಗಲಾಗುವುದಿಲ್ಲ. ದೇಶದ ಕೆಲಸ ದೊಡ್ಡದು, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೂ ವರ್ಷಕ್ಕೆ ಒಂದು ದಿನ, ನಾಲ್ಕು ಜನ ಹಿರಿಯರು ಆ ಬಾಗಿಲ ಮುಂದೆ ಮೇಣದಬತ್ತಿ ಹಚ್ಚಿ ಬರುವ ಹಾಗಾದರೆ ಎಷ್ಟು ಚಂದ ಅಂತ ನಾನು ಮನಸಾರೆ ಬಯಸುತ್ತೇನೆ. ಚಿರೆಕಲ್ಲಿನ ಗೋಡೆಗೆ ನಮ್ಮ ಮಳೆ, ಉಪ್ಪುಗಾಳಿ ಎರಡೂ ಶತ್ರು. ಸುಣ್ಣ, ಹೆಂಚು ನೋಡಿಕೊಳ್ಳಲು ಅಲ್ಲಿ ಪ್ರಾರ್ಥಿಸುವವರ ಕೈಯೂ ಬೇಕು.

ಅಜ್ಜಿ ಈಗ ಇಲ್ಲ. ಹೋದ ತಿಂಗಳು ಅವರ ಸೊಸೆಯನ್ನು ಮಾತಾಡಿಸಿ ಬರಲು ಹೋಗಿದ್ದೆ. ದೇವರ ಪಟದ ಕೆಳಗೆ ಒಂದು ಚಿಕ್ಕ ಗಾಜಿನ ಬಾಟಲಿ ಇತ್ತು. ಅಂಜದೀವದ ಒರತೆಯ ನೀರು ಅಂದರು. ಅಜ್ಜಿ ಆ ಫೆಸ್ತಿನ ದಿನ ತುಂಬಿಸಿ ತಂದದ್ದು. ನೀರು ಅರ್ಧಕ್ಕೆ ಇಳಿದಿದೆ. ಬಾಟಲಿಯ ಬಾಯಿಗೆ ಮೇಣ ಒತ್ತಿದ್ದಾರೆ, ಆ ಮೇಣದ ಮೇಲೆ ಒಂದು ಹೆಬ್ಬೆರಳಿನ ಗೆರೆಗಳು ಹಾಗೇ ಉಳಿದಿವೆ. ಸೊಸೆ ಅದನ್ನು ಒರೆಸುವಾಗ ಬಟ್ಟೆಯನ್ನು ಗಾಜಿಗೆ ಮಾತ್ರ ತಾಗಿಸುತ್ತಾರೆ, ಮೇಣಕ್ಕೆ ತಾಗಿಸುವುದಿಲ್ಲ.

ನಮಸ್ಕಾರ.