ಮುಂದೆ 29, ಹಿಂದೆ 27.5: ಗಾಲಿ ಬದಲಿಸಿದ ಮೇಲೆ ಸೈಕಲನ್ನು ಮೈಗೆ ಹೊಂದಿಸುವ ಬಗೆ

ನಮಸ್ಕಾರ. ಪರದೆಯ ಮೇಲೆ ಈಗ ಕಾಣುತ್ತಿರುವುದು ಮುರಕಲ್ಲಿನ ಪದವು, ಅಂದರೆ ಜಂಬಿಟ್ಟಿಗೆ ಕಲ್ಲಿನ ಗುಡ್ಡೆಯ ಬಯಲು. ದೂರದಿಂದ ನೋಡಿದರೆ ಚಪ್ಪಟೆ ನೆಲ. ಹತ್ತಿರ ಹೋದರೆ ತೂತು, ಗುಂಡಿ, ಒಡೆದ ಅಂಚು, ನಡುವೆ ಗೋಲಿಯ ಹಾಗೆ ಉರುಳುವ ಕೆಂಪು ಜಲ್ಲಿ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಕಾಸರಗೋಡಿನ ಕಡೆ ಗುಡ್ಡೆ ಹತ್ತುವವರಿಗೆಲ್ಲ ಇದರ ಗುಣ ಗೊತ್ತು. 27.5 ಇಂಚಿನ ಮುಂದಿನ ಗಾಲಿ ಇಳಿದು ತಡೆಯುವಂಥ ಗುಂಡಿಯ ಮೇಲೆ 29ರ ಗಾಲಿ ಸಲೀಸಾಗಿ ದಾಟುತ್ತದೆ. ಅದಕ್ಕೇ ಹಳೆಯ ಹಾರ್ಡ್‌ಟೇಲ್‌ಗೆ, ಅಂದರೆ ಹಿಂದೆ ಸಸ್ಪೆನ್ಶನ್ ಇಲ್ಲದ ಸೈಕಲಿಗೆ, ಮುಂದೆ ಮಾತ್ರ 29 ಹಾಕಿಸುವವರಿದ್ದಾರೆ. ಹಾಕಿಸುವುದು ಒಂದು ಗಂಟೆಯ ಕೆಲಸ. ಆಮೇಲೆ ಬೆನ್ನು ನೋವು, ಅಂಗೈ ಜೋಮು, ಏರಿನಲ್ಲಿ ಹ್ಯಾಂಡಲ್ ತೂಗಾಡುವುದು ಶುರುವಾದರೆ ಹೆಚ್ಚಿನವರು ಗಾಲಿಯನ್ನು ದೂರುತ್ತಾರೆ. ಗಾಲಿ ಫ್ರೇಮನ್ನು ಒಂದು ಡಿಗ್ರಿಯಷ್ಟು ಹಿಂದಕ್ಕೆ ವಾಲಿಸಿದೆ, ಸೀಟು ಹ್ಯಾಂಡಲ್ ಎರಡೂ ಜಾಗ ಬಿಟ್ಟಿವೆ. ಅವನ್ನು ವಾಪಸು ತರುವುದೇ ಇವತ್ತಿನ ಕೆಲಸ.

ಮೊದಲು ಲೆಕ್ಕ. ಟಯರ್ ಕೂರುವ ರಿಮ್‌ನ ವ್ಯಾಸ 26ಕ್ಕೆ 559 ಮಿ.ಮೀ., 27.5ಕ್ಕೆ 584, 29ಕ್ಕೆ 622. ಟಯರಿನ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ 57-584, 57-622 ಅಂತ ಅಚ್ಚಾಗಿರುತ್ತದೆ (ಮೊದಲಿನದು ಟಯರಿನ ಅಗಲ, ಎರಡನೆಯದು ಈ ವ್ಯಾಸ), ಇಂಚಿಗಿಂತ ಅದನ್ನೇ ನಂಬಿ. 584ರಿಂದ 622ಕ್ಕೆ ಹೋದರೆ ವ್ಯಾಸ 38 ಮಿ.ಮೀ. ಹೆಚ್ಚು, ಆದರೆ ಆಕ್ಸಲ್, ಅಂದರೆ ಗಾಲಿಯ ನಡುವಿನ ಅಚ್ಚು, ಮೇಲೇರುವುದು ಅದರ ಅರ್ಧ, 19 ಮಿ.ಮೀ.

ಬಿಚ್ಚುವ ಮೊದಲೇ ಅಳತೆ ತೆಗೆದಿಡಿ. ಅಡಕೆ ಒಣಗಿಸುವ ಅಂಗಳದಲ್ಲಿ ಮಾತ್ರ ಅಳೆಯಬೇಡಿ. ಮಳೆನೀರು ಹರಿಯಲಿ ಅಂತ ಅದಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಜಗಲಿಯ ನೆಲ ಒಳ್ಳೆಯದು, ಅದನ್ನೂ ಮಟ್ಟಗೋಲು ಇಟ್ಟು ನೋಡಿಕೊಳ್ಳಿ. ಬೇಕಾದದ್ದು ಐದು ಅಳತೆ: ಬಿಬಿ, ಅಂದರೆ ಕ್ರ್ಯಾಂಕಿನ ನಡುಬಿಂದುವಿನಿಂದ ಸೀಟಿನ ಮೇಲ್ಮೈಗೆ ಇರುವ ಎತ್ತರ, ಸೀಟಿನ ಮೂತಿ ಬಿಬಿಯಿಂದ ಎಷ್ಟು ಹಿಂದಿದೆ ಎಂಬುದು, ಮೂತಿಯಿಂದ ಹ್ಯಾಂಡಲ್ ನಡುವಿಗೆ ಇರುವ ದೂರ, ನೆಲದಿಂದ ಹ್ಯಾಂಡಲ್ ಎಷ್ಟು ಎತ್ತರ, ಬಿಬಿ ಎಷ್ಟು ಎತ್ತರ ಎಂಬುದು. ಎರಡನೆಯದಕ್ಕೆ ಗಾರೆ ಕೆಲಸದವರ ತೂಗುಗುಂಡು ಸಾಕು. ಅದಿಲ್ಲದಿದ್ದರೆ ದಾರಕ್ಕೆ ಒಂದು ದಪ್ಪ ನಟ್ಟು ಕಟ್ಟಿ ಸೀಟಿನ ಮೂತಿಯಿಂದ ಇಳಿಬಿಡಿ, ತೂಗಾಟ ನಿಂತ ಮೇಲೆ ದಾರದಿಂದ ಬಿಬಿಯ ನಡುವಿಗೆ ಅಳೆಯಿರಿ. ಈ ಅಳತೆಗಳಿಲ್ಲದೆ ಗಾಲಿ ಬಿಚ್ಚಿದರೆ ಆಮೇಲಿನದ್ದೆಲ್ಲ ಊಹೆ.

ಈಗ ಫೋರ್ಕ್, ಅಂದರೆ ಮುಂದಿನ ಗಾಲಿ ಹಿಡಿದಿರುವ ಕವಲು. ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿ. 27.5ರ ಫೋರ್ಕಿಗೆ 29 ಗಾಲಿ ತೂರಿಸಿ, ತಿರುಗುತ್ತದಲ್ಲ ಅಂತ ಸುಮ್ಮನಾಗುತ್ತಾರೆ. ನಿಂತಲ್ಲಿ ತಿರುಗುತ್ತದೆ ಸರಿ, ಫೋರ್ಕ್ ಪೂರ್ತಿ ಒಳಹೋದಾಗ ಟಯರ್ ಕ್ರೌನಿಗೆ, ಅಂದರೆ ಫೋರ್ಕಿನ ಎರಡು ಕಾಲು ಸೇರುವ ಜಾಗಕ್ಕೆ, ಬಡಿದು ಮುಂದಿನ ಗಾಲಿ ಲಾಕ್ ಆಗುತ್ತದೆ. ಇಳಿಜಾರಿನಲ್ಲಿ ಹಾಗಾದರೆ ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಪರೀಕ್ಷೆ ಸುಲಭ. ಫೋರ್ಕಿನ ಗಾಳಿ ಪೂರ್ತಿ ಬಿಡಿ, ಎದೆಯ ಭಾರ ಹಾಕಿ ತಳದವರೆಗೆ ಒತ್ತಿ ಹಿಡಿಯಿರಿ, ಇನ್ನೊಬ್ಬರು 6 ಮಿ.ಮೀ. ಅಲೆನ್ ಕೀಯನ್ನು ಟಯರಿಗೂ ಕ್ರೌನಿಗೂ ನಡುವೆ ತೂರಿಸಲಿ. ಕೀ ತಡೆಯಿಲ್ಲದೆ ಆಚೆ ಬರಬೇಕು. ಬರದಿದ್ದರೆ ಆ ಫೋರ್ಕಿಗೆ ಆ ಗಾಲಿ ಬೇಡವೇ ಬೇಡ.

29ರ ಫೋರ್ಕ್ ಕೊಳ್ಳುವಾಗ ಆಕ್ಸಲಿನಿಂದ ಕ್ರೌನ್‌ವರೆಗಿನ ಉದ್ದ ಕೇಳಿ. ಅಷ್ಟೇ ಟ್ರಾವೆಲ್ (ಫೋರ್ಕ್ ಒಳಹೋಗುವ ದೂರ) ಇರುವ 29 ಫೋರ್ಕ್ ಸಾಮಾನ್ಯವಾಗಿ 15ರಿಂದ 20 ಮಿ.ಮೀ. ಉದ್ದ. ಅದರ ಮೇಲೆ ಗಾಲಿಯ 19 ಸೇರಿದರೆ ಮುಂಭಾಗ 35ರ ಆಸುಪಾಸು ಏರುತ್ತದೆ, ಫ್ರೇಮ್ ಎರಡು ಡಿಗ್ರಿಯ ಹತ್ತಿರ ವಾಲುತ್ತದೆ. ಹಾಗಾಗಿ 120 ಇದ್ದಲ್ಲಿ 100 ಮಿ.ಮೀ. ಟ್ರಾವೆಲ್‌ನ 29 ಫೋರ್ಕ್ ಹಾಕುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಕಳೆದುಕೊಂಡ 20 ಮಿ.ಮೀ.ಯಲ್ಲಿ ಒಂದಷ್ಟನ್ನು ದೊಡ್ಡ ಗಾಲಿಯೇ ತುಂಬಿಕೊಡುತ್ತದೆ. ಗಾಲಿಯ ನಡುವಿನ ಹಬ್ಬಿನ ಅಗಲವನ್ನೂ ಮರೆಯಬೇಡಿ: ಅಗಲ 100, ಆಕ್ಸಲಿನ ದಪ್ಪ 15 ಇರುವುದು ಮತ್ತು ಬೂಸ್ಟ್ ಎಂಬ ಅಗಲದ ಬಗೆಯ 110ಕ್ಕೆ 15 ಬೇರೆ ಬೇರೆ, ಒಂದಕ್ಕೆ ಇನ್ನೊಂದು ಕೂರುವುದಿಲ್ಲ. ರಿಮ್ ಅನ್ನೇ ಹಿಡಿಯುವ ವಿ-ಬ್ರೇಕಿನ ಸೈಕಲಿಗೆ ಈ ಬದಲಾವಣೆಯೇ ಆಗದು, ಬ್ರೇಕ್ ಕಟ್ಟೆ ರಿಮ್‌ಗೆ ಮುಟ್ಟುವುದಿಲ್ಲ.

ಇನ್ನು ಮೈಗೆ ಹೊಂದಿಸುವ ಮಾತು. ಎರಡು ಆಕ್ಸಲ್‌ಗಳ ನಡುವೆ 1130 ಮಿ.ಮೀ. ಇರುವ ಸೈಕಲ್ ಅಂತಿಟ್ಟುಕೊಳ್ಳಿ. ಮುಂಭಾಗ 19 ಏರಿದರೆ ವಾಲುವುದು ಸುಮಾರು ಒಂದು ಡಿಗ್ರಿ. ಬಿಬಿ ಏರುವುದು 7 ಮಿ.ಮೀ. ಮಾತ್ರ. ಸೀಟಿನ ಎತ್ತರ 700 ಇದ್ದರೆ ಸೀಟು ಬಿಬಿಯಿಂದ 12 ಮಿ.ಮೀ. ಹಿಂದಕ್ಕೆ ಸರಿದಿರುತ್ತದೆ, ಅದರ ಮೂತಿಯೂ ಒಂದು ಡಿಗ್ರಿ ಮೇಲೆದ್ದಿರುತ್ತದೆ. ಬಿಬಿಯಿಂದ ನೋಡಿದರೆ ಹ್ಯಾಂಡಲ್ ಸುಮಾರು 8 ಮೇಲಕ್ಕೆ, 11 ಹಿಂದಕ್ಕೆ. ಅಂಕಿ ಸಣ್ಣದು ಅನ್ನಿಸಬಹುದು. ಗುಡ್ಡೆ ಹತ್ತುವಾಗ ಭಾರ ಹಿಂದಕ್ಕೆ ಬಿದ್ದು ಮುಂದಿನ ಗಾಲಿ ನೆಲ ಬಿಡುವುದು ಈ 12 ಮಿ.ಮೀ.ಯಿಂದಲೇ.

ಸೈಕಲ್ ಎತ್ತರ ಅನ್ನಿಸಿತು ಅಂತ ಸೀಟು ಇಳಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಸೀಟಿಗೂ ಪೆಡಲಿಗೂ ಇರುವ ದೂರವನ್ನು ಗಾಲಿ ಬದಲಿಸಿಲ್ಲ. ಇಳಿಸಿದರೆ ಮೊಣಕಾಲು ಹೆಚ್ಚು ಮಡಚಿ, ಮಂಡಿಯ ಮುಂಭಾಗ ನೋಯಲು ಶುರುವಾಗುತ್ತದೆ. ಎತ್ತರ ಹಾಗೇ ಇರಲಿ. ಕ್ಲಾಂಪ್ ಸಡಿಲಿಸಿ ಸೀಟನ್ನು ಹಳಿಯ ಮೇಲೆ 12 ಮಿ.ಮೀ. ಮುಂದಕ್ಕೆ ತಳ್ಳಿ, ಮೂತಿಯನ್ನು ಮಟ್ಟಕ್ಕೆ ತನ್ನಿ, ಮತ್ತೆ ದಾರ ಇಳಿಬಿಟ್ಟು ಹಳೆಯ ಅಳತೆ ಬಂತೇ ನೋಡಿ. ಹಳಿಯಲ್ಲಿ ಬರೆದಿರುವ ಗೆರೆ ದಾಟಿಸಬಾರದು, ಹಳಿ ಬಾಗಿ ಮುರಿಯುತ್ತದೆ. ಮುಂದೆ ಸರಿಸಿದ್ದರಿಂದ ಎತ್ತರ ಒಂದೆರಡು ಮಿ.ಮೀ. ವ್ಯತ್ಯಾಸವಾಗಿರುತ್ತದೆ, ಕೊನೆಗೆ ಅದನ್ನೂ ಸರಿಪಡಿಸಿ.

ಹ್ಯಾಂಡಲ್‌ಗೆ ಬನ್ನಿ. ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್‌ನ ಬದಿಯ ಎರಡು ಬೋಲ್ಟ್ ಸಡಿಲಿಸಿ, ಮೇಲಿನ ಮುಚ್ಚಳ ತೆಗೆದು, ಸ್ಟೆಮ್ ಎತ್ತಿ, ಕೆಳಗಿನ 10 ಮಿ.ಮೀ. ಸ್ಪೇಸರ್, ಅಂದರೆ ಉಂಗುರ, ತೆಗೆದು ಸ್ಟೆಮ್‌ನ ಮೇಲೆ ಇಡಿ. ಸ್ಪೇಸರ್‌ಗಳ ನಡುವೆ ಕೆಂಪು ಮಣ್ಣಿನ ಪದರ ಕಾಣುತ್ತಿದೆಯಲ್ಲ, ಅದನ್ನು ಒರೆಸಿ, ಇಲ್ಲದಿದ್ದರೆ ಕಿರುಗುಟ್ಟುತ್ತಲೇ ಇರುತ್ತದೆ. ಸ್ಟೆಮ್ ಕೂರುವ ಫೋರ್ಕಿನ ಸ್ಟೀಯರರ್ ಕೊಳವೆಯ ಅಂಚು ಮೇಲಿನ ಸ್ಪೇಸರ್‌ಗಿಂತ 3 ಮಿ.ಮೀ. ಕೆಳಗಿರಬೇಕು. ಮೊದಲು ಮುಚ್ಚಳದ ಬೋಲ್ಟ್. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಹೆಡ್‌ಸೆಟ್‌ನ (ಹ್ಯಾಂಡಲ್ ತಿರುಗುವ ಬೇರಿಂಗ್‌ನ) ಸಂದಿಗೆ ಬೆರಳಿಟ್ಟು ನೋಡಿ. ಟಕಟಕ ನಿಲ್ಲುವಷ್ಟೇ ಬಿಗಿ ಸಾಕು. ಆಮೇಲೆ ಸ್ಟೆಮ್ ನೇರ ಮಾಡಿ ಬದಿಯ ಬೋಲ್ಟ್‌ಗಳನ್ನು ಅದರ ಮೇಲೆ ಬರೆದಷ್ಟು, ಹೆಚ್ಚಾಗಿ 5 ನ್ಯೂಟನ್ ಮೀಟರ್, ಬಿಗಿಮಾಡಿ. ಈ ಕ್ರಮ ತಪ್ಪಿ ಬದಿಯ ಬೋಲ್ಟ್ ಮೊದಲು ಬಿಗಿದರೆ ಮುಚ್ಚಳದ ಬೋಲ್ಟ್ ಎಷ್ಟು ತಿರುಗಿಸಿದರೂ ಆಟ ಹೋಗದು.

ಸ್ಪೇಸರ್ ತೆಗೆದದ್ದರಿಂದ ಹ್ಯಾಂಡಲ್ ಕೆಳಗಿಳಿಯುವುದರ ಜೊತೆಗೆ 4 ಮಿ.ಮೀ.ಯಷ್ಟು ಮುಂದೂ ಹೋಗುತ್ತದೆ. ಇನ್ನೂ 7 ಮಿ.ಮೀ. ಹತ್ತಿರವೇ ಉಳಿಯುತ್ತದೆ. ಅದಕ್ಕೆ 10 ಮಿ.ಮೀ. ಉದ್ದದ ಸ್ಟೆಮ್ ಹಾಕುವವರಿದ್ದಾರೆ. ಟಾರು ರಸ್ತೆಯಲ್ಲೇ ಹೆಚ್ಚು ಓಡಿಸುವವರಿಗೆ ಅದು ಸರಿ. ಮುರಕಲ್ಲಿನ ಇಳಿಜಾರು ಇಳಿಯುವವರು ಹಾಗೇ ಬಿಡಿ, ಹಿಂದೆ ಸರಿದು ಇಳಿಯಲು ಅನುಕೂಲ.

ಏರಿನ ತಿರುವಿನಲ್ಲಿ ಹ್ಯಾಂಡಲ್ ತಾನಾಗಿ ಒಳಗೆ ಬೀಳುತ್ತಿದೆಯೇ? ಅದು ಟ್ರೇಲ್‌ನ ಕೆಲಸ. ಟ್ರೇಲ್ ಅಂದರೆ ಹ್ಯಾಂಡಲ್ ತಿರುಗುವ ಗೆರೆ ನೆಲ ಮುಟ್ಟುವ ಜಾಗದಿಂದ ಗಾಲಿ ನೆಲ ಮುಟ್ಟುವ ಜಾಗ ಎಷ್ಟು ಹಿಂದಿದೆ ಎಂಬ ಅಳತೆ. ಆ ಗೆರೆಯ ಕೋನ 68 ಡಿಗ್ರಿ, ಆಫ್‌ಸೆಟ್ (ಆಕ್ಸಲ್ ಆ ಗೆರೆಗಿಂತ ಮುಂದಿರುವ ದೂರ) 44 ಮಿ.ಮೀ. ಇದ್ದಾಗ ಟ್ರೇಲ್ ಸುಮಾರು 93. 29 ಹಾಕಿ 67 ಡಿಗ್ರಿ ಆದರೆ ಅದು 108. ಅದೇ ಫೋರ್ಕ್ 51 ಆಫ್‌ಸೆಟ್‌ನದ್ದಾದರೆ 101ಕ್ಕೆ ಇಳಿಯುತ್ತದೆ. ಈ ಬಗೆಯ ಜೋಡಣೆಗೆ 51ರ ಫೋರ್ಕನ್ನೇ ಹುಡುಕಿ. ನಿಧಾನ ಏರಿನಲ್ಲಿ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಗೇರಿಗೆ ಕೈ ಹಾಕಬೇಡಿ. ಹಿಂದಿನ ಗಾಲಿ ಹಳೆಯದೇ ಇದೆ, ಗೇರಿನ ಭಾರ ಬದಲಾಗಿಲ್ಲ. ಹಿಂದೆಯೂ 29 ಹಾಕಿದವರಿಗೆ ಮಾತ್ರ ಎಲ್ಲ ಗೇರೂ ಶೇ. 5.4ರಷ್ಟು ಭಾರ. ಅವರು ಪೆಡಲಿನ ಬಳಿಯ 32 ಹಲ್ಲಿನ ಚಕ್ರದ ಬದಲು 30 ಹಾಕಿಕೊಳ್ಳಲಿ. ಫ್ರೇಮಿನ ಸಂದಿಯಲ್ಲಿ ಟಯರಿನ ಎರಡೂ ಕಡೆ ಕನಿಷ್ಠ 6 ಮಿ.ಮೀ. ಬಿಡಬೇಕು. ಜೂನ್ ತಿಂಗಳ ಕೆಂಪು ಜೇಡಿ ಅಲ್ಲಿ ಮೆತ್ತಿಕೊಂಡು ಗಟ್ಟಿಯಾದರೆ ಗಾಲಿಯೂ ನಿಲ್ಲುತ್ತದೆ, ಫ್ರೇಮಿನ ಬಣ್ಣವೂ ಕೆತ್ತಿ ಹೋಗುತ್ತದೆ. ತದ್ವಿರುದ್ಧವಾಗಿ 29ರ ಸೈಕಲಿಗೆ ಎರಡೂ ಕಡೆ 27.5 ಹಾಕಿದರೆ ಬಿಬಿ 19 ಮಿ.ಮೀ. ಇಳಿದು ಪೆಡಲ್ ಕಲ್ಲಿಗೆ ಬಡಿಯುತ್ತದೆ. 175ರ ಕ್ರ್ಯಾಂಕ್ ತೆಗೆದು 165 ಹಾಕಿದರೆ 10 ಮಿ.ಮೀ. ವಾಪಸು ಸಿಗುತ್ತದೆ, ಆಗ ಸೀಟನ್ನು ಅಷ್ಟೇ ಎತ್ತರಿಸಬೇಕು.

ಬ್ರೇಕ್. ಹೊಸ ಹಬ್‌ನಲ್ಲಿ ಡಿಸ್ಕ್ ಒಂದು ಕೂದಲೆಳೆ ಆಚೀಚೆ ಕೂರುತ್ತದೆ, ಆದ್ದರಿಂದ ಡಿಸ್ಕ್ ಹಿಡಿಯುವ ಕ್ಯಾಲಿಪರ್ ಮತ್ತೆ ಹೊಂದಿಸಲೇಬೇಕು. ಎರಡು ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದು, ಬೋಲ್ಟ್‌ಗಳನ್ನು ಒಂದಿಷ್ಟು ಇದು, ಒಂದಿಷ್ಟು ಅದು ಅಂತ ಬಿಗಿಯಿರಿ. ಹಿಂದೆ ಬಿಳಿ ಕಾಗದ ಹಿಡಿದು ಮೇಲಿಂದ ಇಣುಕಿ: ಡಿಸ್ಕಿನ ಎರಡೂ ಬದಿ ಬೆಳಕಿನ ಸಮಾನ ಗೆರೆ ಕಾಣಬೇಕು. ಗಾಲಿ ದೊಡ್ಡದಾದಷ್ಟು ಅದೇ ಡಿಸ್ಕಿನ ಹಿಡಿತ ಕಡಿಮೆ, ಇಲ್ಲಿ ಶೇ. 5ರಷ್ಟು. 160ರ ಡಿಸ್ಕ್ ಇದ್ದವರು 180 ಮತ್ತು ಅದಕ್ಕೆ ತಕ್ಕ ಅಡಾಪ್ಟರ್ ಹಾಕಿಸಿ, ಫೋರ್ಕ್ ಅದನ್ನು ಒಪ್ಪುತ್ತದೆಯೇ ಅಂತ ನೋಡಿಕೊಂಡು.

ಸೀಟು, ಹ್ಯಾಂಡಲ್ ಕೂತ ಮೇಲೆಯೇ ಸ್ಯಾಗ್, ಅಂದರೆ ಸವಾರ ಕೂತಾಗ ಫೋರ್ಕ್ ಇಳಿಯುವ ಅಳತೆ, ಅಳೆಯಿರಿ, ಮೊದಲಲ್ಲ. 100 ಮಿ.ಮೀ. ಫೋರ್ಕಿಗೆ 20ರಿಂದ 25. ರಬ್ಬರ್ ರಿಂಗ್ ಇಲ್ಲದಿದ್ದರೆ ಫೋರ್ಕಿನ ಕಾಲಿಗೆ ಒಂದು ಜಿಪ್ ಟೈ ಕಟ್ಟಿದರಾಯಿತು. ಗಾಳಿಯ ವಿಷಯ: 65ರಿಂದ 70 ಕಿಲೋ ತೂಕದವರಿಗೆ 2.25 ಇಂಚು ಅಗಲದ ಟ್ಯೂಬ್‌ಲೆಸ್ ಟಯರಿನಲ್ಲಿ ಮುಂದೆ 22, ಹಿಂದೆ 25 ಪಿಎಸ್‌ಐಯಿಂದ ಆರಂಭಿಸಿ. ಟ್ಯೂಬ್ ಇದ್ದರೆ ಎರಡಕ್ಕೂ ಐದಾರು ಸೇರಿಸಿ, ಇಲ್ಲದಿದ್ದರೆ ಮುರಕಲ್ಲಿನ ಅಂಚು ಟ್ಯೂಬನ್ನು ರಿಮ್‌ಗೆ ಒತ್ತಿ ಎರಡು ತೂತು ಮಾಡುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಕಲ್ಲಿಗೆ ಒಂದು ಪಿಎಸ್‌ಐ ಇಳಿಸಬಹುದು.

ಮುಂದಿನ ಗಾಲಿಗೆ ಮ್ಯಾಗ್ನೆಟ್ ಇರುವ ಮೀಟರ್ ಇದ್ದರೆ ಸುತ್ತಳತೆ ಬದಲಿಸಿ. 2.25ರ ಟಯರಿಗೆ 2193 ಮಿ.ಮೀ. ಇದ್ದದ್ದು 2312 ಆಗಬೇಕು. ಬದಲಿಸದಿದ್ದರೆ 20 ಕಿ.ಮೀ. ಓಡಿದ್ದಕ್ಕೆ 19 ತೋರಿಸುತ್ತದೆ. ಇನ್ನೂ ನಿಖರ ಬೇಕಿದ್ದರೆ ವಾಲ್ವ್ ಕೆಳಗಿರುವಾಗ ನೆಲಕ್ಕೆ ಸೀಮೆಸುಣ್ಣದ ಗೆರೆ ಹಾಕಿ, ಸೀಟಿನ ಮೇಲೆ ಕೂತು ಒಂದು ಸುತ್ತು ಉರುಳಿಸಿ, ಮತ್ತೆ ವಾಲ್ವ್ ಕೆಳಗೆ ಬಂದಲ್ಲಿ ಇನ್ನೊಂದು ಗೆರೆ ಹಾಕಿ ಅಳೆಯಿರಿ.

ಹೊಸ ಗಾಲಿಯ ಕಡ್ಡಿಗಳು ಮೊದಲ ಸವಾರಿಯಲ್ಲಿ ಟಿಣ್ ಟಿಣ್ ಅನ್ನುವುದುಂಟು, ಕೂರುತ್ತಿವೆ ಅಂತ ಅರ್ಥ. ಐವತ್ತು ಕಿ.ಮೀ. ಆದ ಮೇಲೆ ಎರಡೆರಡು ಕಡ್ಡಿಗಳನ್ನು ಹಿಂಡಿ ನೋಡಿ. ಒಂದು ಜೋಡಿ ಮಾತ್ರ ಮೆತ್ತಗಿದ್ದರೆ ಆ ಸಂಜೆಯೇ ರಿಮ್ ಎಳೆಸಲು ಕೊಡಿ, ಆಕ್ಸಲ್ ಮತ್ತು ಸ್ಟೆಮ್‌ನ ಬಿಗಿಯನ್ನೂ ಅದೇ ಹೊತ್ತಿಗೆ ಇನ್ನೊಮ್ಮೆ ನೋಡಿ.