ಬೀಮಿನ ನಡುವೆ ಬಾಗು, ತುದಿಯಲ್ಲಿ ಶಿಯರ್

ಕೇಳುಗರೆಲ್ಲರಿಗೂ ನಮಸ್ಕಾರ.

ಸೆಂಟ್ರಿಂಗ್ ಬಿಚ್ಚಿದ ದಿನ ಮನೆಯೊಡೆಯರು ಬೀಮಿನ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಾರೆ. ನಟ್ಟನಡುವೆ ಜೋತುಬಿದ್ದಿದೆಯೇ, ಅಲ್ಲೇನಾದರೂ ಸೀಳು ಕಾಣುತ್ತಿದೆಯೇ ಎಂಬುದೇ ಅವರ ಆತಂಕ. ಆತಂಕ ಸರಿಯಾದದ್ದೇ. ಆದರೆ ಅದೇ ಬೀಮಿಗೆ ಇನ್ನೊಂದು ಅಪಾಯದ ಜಾಗವಿದೆ. ಕಂಬದ ಮಗ್ಗುಲಲ್ಲಿ, ಬೀಮಿನ ತುದಿಯಲ್ಲಿರುವ ಆ ಜಾಗದತ್ತ ಕಣ್ಣು ಹಾಯಿಸುವವರು ಕಡಿಮೆ. ಸರಿಯಾಗಿ ಕಂಬಿ ಹಾಕಿದ ಬೀಮು ನಡುವೆ ಸೋಲುವುದಾದರೆ ಮೊದಲು ಬಾಗುತ್ತದೆ, ಬಿರುಕು ತೋರಿಸುತ್ತದೆ, ಮನೆಯವರಿಗೆ ಓಡಲು ಹೊತ್ತು ಕೊಡುತ್ತದೆ. ತುದಿಯಲ್ಲಿ ಸೋಲುವ ಬೀಮು ಅಷ್ಟು ಹೊತ್ತು ಕೊಡದೆ ಹಠಾತ್ತನೆ ಮುರಿಯುತ್ತದೆ. ಮೊದಲನೆಯದನ್ನು ಇಂಜಿನಿಯರುಗಳು ಬೆಂಡಿಂಗ್ ಎನ್ನುತ್ತಾರೆ, ಎರಡನೆಯದನ್ನು ಶಿಯರ್. ಎರಡರ ಲೆಕ್ಕವನ್ನೂ ಇಂದು ಹೇಳುತ್ತೇನೆ. ಎರಡನೆಯದಕ್ಕೆ ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ನಮ್ಮ ಕಟ್ಟಡಗಳಲ್ಲಿ ಅಲಕ್ಷ್ಯಕ್ಕೆ ಒಳಗಾಗಿರುವುದು ಅದು.

ಬಾಗಿನ ಲೆಕ್ಕವನ್ನು ಮೊದಲು ಗಂಭೀರವಾಗಿ ಹಿಡಿದವನು ಗೆಲಿಲಿಯೋ. 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಒಂದು ಚಿತ್ರವಿದೆ. ಗೋಡೆಯಿಂದ ಹೊರಚಾಚಿದ ಮರದ ತೊಲೆ, ಅದರ ತುದಿಗೆ ನೇತುಹಾಕಿದ ಭಾರ. ತೊಲೆ ಮುರಿಯುವುದಾದರೆ ಗೋಡೆಯ ಬಳಿಯೇ ಮುರಿಯುತ್ತದೆ, ಅದರ ಬಲ ಅಗಲಕ್ಕಿಂತ ಎತ್ತರವನ್ನು ಹೆಚ್ಚು ಅವಲಂಬಿಸಿದೆ, ಎತ್ತರದ ವರ್ಗಕ್ಕೆ ತಕ್ಕಂತೆ ಬಲ ಏರುತ್ತದೆ ಎಂದು ಅವನು ಬರೆದ. ಇದೆಲ್ಲ ನಿಜ. ಆದರೆ ತೊಲೆ ತನ್ನ ಕೆಳಂಚನ್ನು ಊರಿಕೊಂಡು ತಿರುಗುತ್ತದೆ, ಅದರ ಮೇಲಿರುವ ಎಲ್ಲ ನಾರುಗಳೂ ಒಂದೇ ಸಮ ಎಳೆತಕ್ಕೆ ಸಿಗುತ್ತವೆ ಎಂದುಕೊಂಡ. ಹಾಗೆ ಲೆಕ್ಕ ಹಾಕಿದರೆ ತೊಲೆ ಇರುವುದಕ್ಕಿಂತ ಮೂರು ಪಟ್ಟು ಬಲಶಾಲಿ ಎಂಬ ಉತ್ತರ ಬರುತ್ತದೆ. ನಿಜವಾಗಿ ನಡೆಯುವುದು ಬೇರೆ. ಹೊರಚಾಚಿದ ತೊಲೆಯಲ್ಲಿ ಮೇಲಿನ ನಾರುಗಳು ಹಿಗ್ಗುತ್ತವೆ, ಕೆಳಗಿನವು ಕುಗ್ಗುತ್ತವೆ. ಎತ್ತರದ ಮಧ್ಯದಲ್ಲಿ ಹಿಗ್ಗದ, ಕುಗ್ಗದ ಒಂದು ಪದರವಿರುತ್ತದೆ. ಅಲ್ಲಿಂದ ಮೇಲಕ್ಕೋ ಕೆಳಕ್ಕೋ ದೂರ ಹೋದಂತೆ ಎಳೆತ ಅಥವಾ ಅದುಮು ಏರುತ್ತಾ ಹೋಗಿ ಅಂಚಿನಲ್ಲಿ ಗರಿಷ್ಠ ಮುಟ್ಟುತ್ತದೆ. ಫ್ರಾನ್ಸಿನ ಇಂಜಿನಿಯರ್ ಕೂಲಂ 1773ರಲ್ಲಿ ಇದರ ಹಾದಿ ತೋರಿಸಿದ. ನಾವು ಇಂದಿಗೂ ಬಳಸುವ ರೂಪದಲ್ಲಿ ಅದನ್ನು 1826ರಲ್ಲಿ ಪಾಠವಾಗಿ ಕೊಟ್ಟವನು ನಾವಿಯೇ ಎಂಬ ಇನ್ನೊಬ್ಬ ಫ್ರೆಂಚ್ ಇಂಜಿನಿಯರ್. ಗೆಲಿಲಿಯೋನಿಂದ ಇಲ್ಲಿಗೆ ಬರಲು ಇನ್ನೂರು ವರ್ಷಗಳಷ್ಟು ಹಿಡಿಯಿತು.

ಈಗ ಒಂದು ಲೆಕ್ಕ. ಹತ್ತಿರ ಕಾಗದ, ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ. ಎರಡು ಗೋಡೆಗಳ ನಡುವೆ 4 ಮೀಟರ್ ಅಂತರ, ಮೇಲೊಂದು ಮರದ ತೊಲೆ. ಪ್ರತಿ ಮೀಟರಿಗೆ ಸುಮಾರು ಒಂದು ಟನ್, ಅಂದರೆ 10 ಕಿಲೋನ್ಯೂಟನ್ ಭಾರ. ಒಟ್ಟು 40. ಎರಡು ಗೋಡೆಗಳೂ ಸಮನಾಗಿ 20, 20 ಹೊರುತ್ತವೆ. ತೊಲೆಯ ನಡುವಿನ ಬೆಂಡಿಂಗ್ ಮೊಮೆಂಟ್, ಅಂದರೆ ಭಾರ ತೊಲೆಯನ್ನು ಎಷ್ಟು ಬಾಗಿಸಲು ನೋಡುತ್ತದೆ ಎಂಬುದರ ಅಳತೆ, ಬೇಕಿದ್ದರೆ ಮೀಟರಿನ ಭಾರವನ್ನು ಅಂತರದ ವರ್ಗದಿಂದ ಗುಣಿಸಿ 8ರಿಂದ ಭಾಗಿಸಬೇಕು. 10 ಗುಣಿಸು 16, ಭಾಗಿಸು 8; ಉತ್ತರ 20 ಕಿಲೋನ್ಯೂಟನ್ ಮೀಟರ್. ತೊಲೆ 150 ಮಿಲಿಮೀಟರ್ ಅಗಲ, 300 ಮಿಲಿಮೀಟರ್ ಎತ್ತರ ಇದೆ ಎನ್ನೋಣ. ಅಗಲವನ್ನು ಎತ್ತರದ ವರ್ಗದಿಂದ ಗುಣಿಸಿ 6ರಿಂದ ಭಾಗಿಸಿದರೆ ಸಿಗುವ ಸಂಖ್ಯೆ ಬಾಗನ್ನು ತಡೆಯುವ ಅದರ ಸಾಮರ್ಥ್ಯದ ಅಳತೆ. ಇಲ್ಲಿ ಅದು 22 ಲಕ್ಷ 50 ಸಾವಿರ ಘನ ಮಿಲಿಮೀಟರ್. ಮೊಮೆಂಟನ್ನು ಇದರಿಂದ ಭಾಗಿಸಿದರೆ ಅಂಚಿನ ನಾರಿನ ಮೇಲೆ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 8.9 ನ್ಯೂಟನ್. ಹೀಗೆ ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಬಲಕ್ಕೇ ಪೀಡನ, ಸ್ಟ್ರೆಸ್ ಎಂದು ಹೆಸರು. ಒಳ್ಳೆಯ ತೇಗಕ್ಕೆ ಇದು ಭಾರವೇನಲ್ಲ.

ಅದೇ ತೊಲೆಯನ್ನು ಮಲಗಿಸಿಬಿಟ್ಟರೆ? 300 ಅಗಲ, 150 ಎತ್ತರ. ಮರ ಅಷ್ಟೇ, ಭಾರವೂ ಅಷ್ಟೇ. ಪೀಡನ ಮಾತ್ರ ನೇರವಾಗಿ ಇಮ್ಮಡಿಸಿ 17.8ಕ್ಕೆ ಹೋಗುತ್ತದೆ, ತೇಗವನ್ನೂ ನೆಚ್ಚುವಂತಿಲ್ಲ. ಹಳೆಯ ಮನೆಗಳ ಬಡಗಿಗಳು ಯಾವ ಸೂತ್ರವನ್ನೂ ಬರೆಯದೆ ಜಂತೆಗಳನ್ನು ಎತ್ತರಕ್ಕೆ ನಿಲ್ಲಿಸಿದ್ದಾರೆ. ಅವರ ಆ ತಿಳಿವಳಿಕೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಇನ್ನೂ ಒಂದು ಮಾತು: ಅಂತರ ಎರಡು ಪಟ್ಟಾದರೆ ಬಾಗಿನ ಪೀಡನ ನಾಲ್ಕು ಪಟ್ಟಾಗುತ್ತದೆ. ಮನೆಯ ಹಾಲ್ ಅಗಲವಾಗಿ ಕಾಣಲಿ ಎಂದು ನಡುಗಂಬವನ್ನು ತೆಗೆಸಲು ಹೊರಡುವವರು ಈ ನಾಲ್ಕು ಪಟ್ಟನ್ನು ಮರೆಯಬಾರದು.

ಇನ್ನು ಶಿಯರ್. ಕೈಗೆ ಒಂದು ದಪ್ಪ ಪುಸ್ತಕ ತೆಗೆದುಕೊಂಡು ಎರಡೂ ಕೈಯಲ್ಲಿ ಹಿಡಿದು ಬಾಗಿಸಿ. ಹಾಳೆಗಳು ಒಂದರ ಮೇಲೊಂದು ಜಾರಿ ಅಂಚು ಓರೆಯಾಗುತ್ತದೆ. ಹಾಳೆಗಳನ್ನೆಲ್ಲ ಅಂಟು ಹಾಕಿ ಕೂಡಿಸಿದ್ದರೆ ಪುಸ್ತಕ ಅಷ್ಟು ಸುಲಭಕ್ಕೆ ಬಾಗುತ್ತಿರಲಿಲ್ಲ. ಆ ಜಾರುವಿಕೆಯನ್ನು ಅಂಟು ತಡೆಯುತ್ತಿತ್ತು. ಇಡೀ ತೊಲೆಯೊಳಗೂ ಪದರದಿಂದ ಪದರಕ್ಕೆ ಜಾರಬೇಕೆಂಬ ತುಡಿತವಿರುತ್ತದೆ, ಮರ ಅದನ್ನು ತಡೆದು ಹಿಡಿದಿರುತ್ತದೆ. ನಮ್ಮ ತೊಲೆಯ ಬದಲು 150ಕ್ಕೆ 150ರ ಎರಡು ತುಂಡುಗಳನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಅವು ತಮ್ಮ ತಮ್ಮ ಪಾಡಿಗೆ ಜಾರಿ ಬಾಗುತ್ತವೆ, ಪೀಡನ ಮತ್ತೆ 17.8. ಮಲಗಿಸಿದ ತೊಲೆಗೆ ಬಂದದ್ದೂ ಅದೇ ಅಂಕಿ. ನಡುವಿನ ಆ ಒಂದು ಪದರ ಹಿಡಿದುಕೊಂಡಿದ್ದರಿಂದಲೇ ಅರ್ಧದಷ್ಟು ಬಲ ಬಂದಿತ್ತು ಎಂದಾಯಿತು.

ಈ ಜಾರುವಿಕೆಗೆ ಲೆಕ್ಕ ಕೊಟ್ಟವನು ರಷ್ಯಾದ ಒಬ್ಬ ತರುಣ ಇಂಜಿನಿಯರ್, ದಿಮಿತ್ರಿ ಜುರಾವ್‌ಸ್ಕಿ. ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಮಾಸ್ಕೋ ನಡುವೆ ರೈಲು ಹಾದಿ ಹಾಕುತ್ತಿದ್ದ 1840ರ ದಶಕ ಅದು. ಹಾದಿಯ ಸೇತುವೆಗಳಿಗೆ ಮರವೇ ಗತಿ. ವೆರೆಬ್ಯಾ ಕಣಿವೆಯ ದೊಡ್ಡ ಸೇತುವೆಯ ಹೊಣೆ ಬಿದ್ದಾಗ ಅವನಿಗಿನ್ನೂ ಇಪ್ಪತ್ತರ ಹರೆಯ. ರೈಲಿನ ಭಾರ ಹೊರುವಷ್ಟು ಎತ್ತರದ ತೊಲೆ ಒಂದೇ ಮರದಿಂದ ಸಿಗುವುದಿಲ್ಲ. ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಬೆಣೆ ಬಡಿದು, ಬೋಲ್ಟು ಹಾಕಿ ಒಂದಾಗಿಸಬೇಕು. ಹಾಗಿದ್ದರೆ ಒಂದೊಂದು ಬೆಣೆಯ ಮೇಲೆ ಎಷ್ಟು ಬಲ ಬೀಳುತ್ತದೆ? ಬಾಗಿನ ಸೂತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮರದ ಗುಣವೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾರಿಗೆ ಅಡ್ಡಲಾಗಿ ಕಡಿಯುವುದು ಕಷ್ಟ, ನಾರಿನ ಉದ್ದಕ್ಕೆ ಸೀಳುವುದು ಸುಲಭ. ತೊಲೆಯೊಳಗಿನ ಜಾರುವಿಕೆ ಆ ದುರ್ಬಲ ದಿಕ್ಕಿನಲ್ಲೇ ನಡೆಯುತ್ತದೆ. ಯುರೋಪಿನ ದೊಡ್ಡ ಗಣಿತಜ್ಞರು ಹೆಚ್ಚು ತಲೆಕೆಡಿಸಿಕೊಳ್ಳದಿದ್ದ ಈ ಚಿಕ್ಕ ಬಲವನ್ನು ಅವನು ಕೆಲಸದ ಒತ್ತಾಯದಿಂದಲೇ ಎದುರಿಸಿ ಸೂತ್ರಕ್ಕೆ ತಂದ. ಅದು ಫ್ರೆಂಚ್ ಪತ್ರಿಕೆಯಲ್ಲಿ ಪ್ರಕಟವಾದದ್ದು 1856ರಲ್ಲಿ. ಇಂದು ಪ್ರಪಂಚದ ಎಲ್ಲ ಸಿವಿಲ್ ವಿದ್ಯಾರ್ಥಿಗಳೂ ಕಲಿಯುವುದು ಅದನ್ನೇ. ಅವನ ಹೆಸರನ್ನು ಮಾತ್ರ ಎಷ್ಟೋ ತರಗತಿಗಳಲ್ಲಿ ಹೇಳುವುದೇ ಇಲ್ಲ ಎಂಬುದು ನನಗೆ ನೋವಿನ ಸಂಗತಿ.

ಆಯತಾಕಾರದ ತೊಲೆಗೆ ಆ ಸೂತ್ರ ಹೇಳುವುದು ಇಷ್ಟು. ಶಿಯರ್ ಪೀಡನ ಮೇಲಂಚಿನಲ್ಲಿ, ಕೆಳಂಚಿನಲ್ಲಿ ಸೊನ್ನೆ. ಎತ್ತರದ ಮಧ್ಯದಲ್ಲಿ ಗರಿಷ್ಠ. ಬಾಗಿನ ಪೀಡನಕ್ಕೆ ಸರಿಯಾಗಿ ತದ್ವಿರುದ್ಧ. ಆ ಗರಿಷ್ಠ ಬೆಲೆ ಸರಾಸರಿಯ ಒಂದೂವರೆ ಪಟ್ಟು. ನಮ್ಮ ತೊಲೆಯ ತುದಿಯಲ್ಲಿ ಶಿಯರ್ ಬಲ ಗೋಡೆ ಹೊರುವ ಅದೇ 20 ಕಿಲೋನ್ಯೂಟನ್, ವಿಸ್ತೀರ್ಣ 45,000 ಚದರ ಮಿಲಿಮೀಟರ್. ಭಾಗಿಸಿ ಒಂದೂವರೆಯಿಂದ ಗುಣಿಸಿದರೆ 0.67 ನ್ಯೂಟನ್. 8.9ರ ಮುಂದೆ 0.67 ಎಷ್ಟರದು ಎನಿಸಬಹುದು. ಆದರೆ ಬಾಗಿಗೆ ಹತ್ತಕ್ಕೂ ಹೆಚ್ಚು ತಾಳುವ ತೇಗ, ನಾರಿನ ಉದ್ದದ ಜಾರುವಿಕೆಗೆ ಲೆಕ್ಕದಲ್ಲಿ ತಾಳುವುದು ಒಂದು ನ್ಯೂಟನ್ನಿನ ಆಸುಪಾಸು ಮಾತ್ರ. ಚಿಕ್ಕ ಬಲ, ಚಿಕ್ಕ ಸಾಮರ್ಥ್ಯ. ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ಅಪಾಯದ ಅಳತೆ ತಿಳಿಯುವುದು. ತೊಲೆಯನ್ನು ಮಲಗಿಸಿದರೂ ಈ 0.67 ಬದಲಾಗುವುದಿಲ್ಲ, ಏಕೆಂದರೆ ವಿಸ್ತೀರ್ಣ ಬದಲಾಗಿಲ್ಲ.

ಉಕ್ಕಿನ ಐ ಆಕಾರದ ಬೀಮುಗಳನ್ನು ಶೆಡ್ಡುಗಳಲ್ಲಿ, ಮೆಟ್ರೋ ಕೆಲಸ ನಡೆಯುವಲ್ಲಿ ನೋಡಿರುತ್ತೀರಿ. ಮೇಲೆ ಕೆಳಗೆ ದಪ್ಪ ಪಟ್ಟಿ, ನಡುವೆ ತೆಳು ತಗಡು. ಪಟ್ಟಿಗಳು ಬಾಗನ್ನು ಹೊರುತ್ತವೆ, ತಗಡು ಶಿಯರನ್ನು. ಈ ಎರಡು ಲೆಕ್ಕಗಳೇ ಆ ಆಕಾರಕ್ಕೆ ಕಾರಣ.

ಕಾಂಕ್ರೀಟಿಗೆ ಬರೋಣ, ನಮ್ಮ ಮನೆಗಳೆಲ್ಲ ನಿಂತಿರುವುದು ಅದರ ಮೇಲೆ ತಾನೇ. ಅದುಮಿದರೆ ಕಾಂಕ್ರೀಟು ಗಟ್ಟಿಗ. ಎಳೆದರೆ ಅದರ ಬಲ ಸುಮಾರು ಹತ್ತರಲ್ಲೊಂದು ಪಾಲು. ತುದಿಯಲ್ಲಿ ಶಿಯರ್ ಉಂಟುಮಾಡುವುದು ಓರೆಯಾದ ಎಳೆತವನ್ನು. ಆದ್ದರಿಂದ ಅಲ್ಲಿ ಬಿರುಕು ಹೆಚ್ಚುಕಡಿಮೆ 45 ಡಿಗ್ರಿ ಓರೆಯಲ್ಲಿ, ಕಂಬದ ಪಕ್ಕದಲ್ಲಿ ಬೀಮಿನ ತಳದಿಂದ ನಡುವಿನತ್ತ ಮೇಲಕ್ಕೆ ಏರುತ್ತದೆ. ಅದನ್ನು ಅಡ್ಡಗಟ್ಟುವುದು ಉದ್ದುದ್ದ ಹಾಕಿದ ದಪ್ಪ ಕಂಬಿಗಳ ಕೆಲಸವಲ್ಲ. ಅವುಗಳ ಸುತ್ತ ಕಟ್ಟುವ ರಿಂಗುಗಳ ಕೆಲಸ.

230ಕ್ಕೆ 450 ಮಿಲಿಮೀಟರಿನ, ಅಂದರೆ ಒಂಬತ್ತು ಇಂಚಿಗೆ ಹದಿನೆಂಟು ಇಂಚಿನ ಬೀಮು, ಅದೇ 4 ಮೀಟರ್ ಅಂತರ, ಮೀಟರಿಗೆ 20 ಕಿಲೋನ್ಯೂಟನ್ ಭಾರ ಎನ್ನಿ. ಸುರಕ್ಷತೆಗಾಗಿ ಭಾರವನ್ನು ಒಂದೂವರೆ ಪಟ್ಟು ಮಾಡಿ ಲೆಕ್ಕ ಹಾಕುವುದು ಪದ್ಧತಿ. ನಡುವಿನ ಬಾಗಿಗೆ ಕೆಳಗಡೆ 16 ಮಿಲಿಮೀಟರಿನ ಎರಡು ಕಂಬಿ ಸಾಕಾಗುತ್ತದೆ. ತುದಿಯಲ್ಲಿ ಬಲ 60 ಕಿಲೋನ್ಯೂಟನ್. ಅಗಲ 230, ಮೇಲಂಚಿನಿಂದ ಕಂಬಿಯ ಮಧ್ಯದವರೆಗಿನ ಎತ್ತರ ಸುಮಾರು 410. ಭಾಗಿಸಿದರೆ ಚದರ ಮಿಲಿಮೀಟರಿಗೆ 0.64 ನ್ಯೂಟನ್. ಇಷ್ಟು ಕಂಬಿ ಇರುವ ಎಂ20 ದರ್ಜೆಯ ಕಾಂಕ್ರೀಟಿಗೆ, ನಮ್ಮ ದೇಶದ ಕಾಂಕ್ರೀಟ್ ನಿಯಮಗಳ ಪುಸ್ತಕವಾದ ಐಎಸ್ 456 ಸಂಹಿತೆ ಕೊಡುವ ಸಾಮರ್ಥ್ಯ ಸುಮಾರು 0.45. ಉಳಿದದ್ದನ್ನು ಹೊರಬೇಕಾದದ್ದು ರಿಂಗು. ಬಾಗಿಗೆ ಎಲ್ಲ ರೀತಿಯಿಂದ ಸರಿಯಾಗಿರುವ ಬೀಮು, ರಿಂಗಿಲ್ಲದಿದ್ದರೆ ತುದಿಯಲ್ಲಿ ಸೋಲುತ್ತದೆ. ರಿಂಗಿನಿಂದ ರಿಂಗಿಗೆ ಇರುವ ದೂರ ಆ 410ರ ಮುಕ್ಕಾಲು ಭಾಗವನ್ನಾಗಲಿ, 300 ಮಿಲಿಮೀಟರನ್ನಾಗಲಿ ಮೀರಬಾರದು ಎಂದು ಅದೇ ಸಂಹಿತೆ ಹೇಳುತ್ತದೆ. ದೂರ ಹೆಚ್ಚಾದರೆ ಓರೆ ಬಿರುಕು ಎರಡು ರಿಂಗುಗಳ ನಡುವೆ ಯಾವುದನ್ನೂ ಮುಟ್ಟದೆ ದಾಟಿಹೋಗುತ್ತದೆ.

ಸೈಟಿನಲ್ಲಿ ನಾನು ಕಾಣುವುದು ಬೇರೆಯೇ. ಬಾರ್ ಬೆಂಡರ್ ತುದಿಯಲ್ಲಿ ಒತ್ತೊತ್ತಾಗಿ ಗುರುತು ಹಾಕಿ ಕಟ್ಟಿರುತ್ತಾನೆ. ಆಮೇಲೆ ಕಂಬದ ಕಂಬಿಗಳ ನಡುವೆ ಕೈ ತೂರುವುದಿಲ್ಲವೆಂದು ಕೊನೆಯ ಎರಡು ರಿಂಗುಗಳನ್ನು ಬೀಮಿನ ನಡುವಿನತ್ತ ಸರಿಸಿರುತ್ತಾರೆ. ಶಿಯರ್ ಅತಿ ಹೆಚ್ಚಿರುವ ಜಾಗವೇ ಬರಿದಾಗಿರುತ್ತದೆ. ಕೆಲವೆಡೆ ಬೈಂಡಿಂಗ್ ತಂತಿ ಸುತ್ತದೆಯೇ ಬಿಟ್ಟ ರಿಂಗುಗಳು ವೈಬ್ರೇಟರ್ ತಾಗಿದ ಕೂಡಲೇ ವಾಲಿಕೊಳ್ಳುತ್ತವೆ. ಕಾಂಕ್ರೀಟ್ ಬಿದ್ದ ಮೇಲೆ ಇದು ಯಾರಿಗೂ ಕಾಣುವುದಿಲ್ಲ. ಸಜ್ಜಾ ಮತ್ತು ಬಾಲ್ಕನಿಯ ಕಥೆಯೂ ಇಂಥದ್ದೇ. ಅವು ಗೆಲಿಲಿಯೋ ಬರೆದ ಚಿತ್ರದಂತೆ ಗೋಡೆಯಿಂದ ಹೊರಚಾಚಿದವು, ಎಳೆತವಿರುವುದು ಮೇಲ್ಭಾಗದಲ್ಲಿ, ಮುಖ್ಯ ಕಂಬಿ ಇರಬೇಕಾದದ್ದೂ ಮೇಲೆ. ಕಾಂಕ್ರೀಟ್ ಬಾಂಡ್ಲಿ ಹೊತ್ತವರು ಅದರ ಮೇಲೆಯೇ ಓಡಾಡಿ ಕಂಬಿಯನ್ನು ತಳಕ್ಕೆ ತುಳಿದುಬಿಟ್ಟರೆ ಸಜ್ಜಾಕ್ಕೆ ಕಂಬಿ ಇದ್ದೂ ಇಲ್ಲದಂತೆ. ಕೆಳಗೆ ಒತ್ತುಕೊಟ್ಟ ಮರ ತೆಗೆದ ಕ್ಷಣದಲ್ಲೇ ಇಂಥ ಸಜ್ಜಾಗಳು ಕುಸಿಯುವುದುಂಟು, ಕೆಳಗೆ ನಿಂತಿರುವವರು ಅದನ್ನು ಕಟ್ಟಿದ ಕೂಲಿಕಾರರೇ ಆಗಿರುತ್ತಾರೆ.

ಕೊನೆಗೆ ಪ್ಲಂಬರ್ ಕೆಲಸದ ಮಾತು. ಪೈಪು ದಾಟಿಸಲು ಬೀಮನ್ನು ಕೊರೆಯುವುದು ಸಾಮಾನ್ಯವಾಗಿ ಕಂಬದ ಪಕ್ಕದಲ್ಲೇ, ಪೈಪು ಮೂಲೆಯಲ್ಲಿ ಇಳಿಯುತ್ತದೆ ಎಂಬ ಕಾರಣಕ್ಕೆ. ಇಷ್ಟು ಹೊತ್ತು ಹೇಳಿದ ಲೆಕ್ಕದ ಪ್ರಕಾರ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಸಮನಾಗಿ ಭಾರ ಹೊತ್ತ ಬೀಮಿನಲ್ಲಿ ಶಿಯರ್ ಬಲ ನಟ್ಟನಡುವೆ ಸೊನ್ನೆಗೆ ಇಳಿಯುತ್ತದೆ. ಅಲ್ಲಿ ಬಾಗು ಗರಿಷ್ಠವಾಗಿದ್ದರೂ ಎತ್ತರದ ಮಧ್ಯದಲ್ಲಿ ಅದರ ಪೀಡನ ಅತಿ ಕಡಿಮೆ. ಹಾಗಾಗಿ ಚಿಕ್ಕ ಪೈಪೊಂದು ದಾಟಲೇಬೇಕಿದ್ದರೆ ಅಂತರದ ನಡುಭಾಗದಲ್ಲಿ, ಬೀಮಿನ ಎತ್ತರದ ಮಧ್ಯದಲ್ಲಿ ದಾಟಲಿ. ಆ ಜಾಗವನ್ನು ನಿಮ್ಮ ಇಂಜಿನಿಯರರಿಂದ ನಕ್ಷೆಯಲ್ಲಿ ಗುರುತು ಮಾಡಿಸಿ, ಕಾಂಕ್ರೀಟ್ ಸುರಿಯುವ ಮೊದಲೇ ಪೈಪಿನ ತುಂಡೊಂದನ್ನು ಅಡ್ಡಲಾಗಿ ಕೂಡಿಸಿಡಿ. ಆಮೇಲೆ ಉಳಿ ಸುತ್ತಿಗೆ ಎತ್ತುವ ಪ್ರಮೇಯವೇ ಬರುವುದಿಲ್ಲ.

ನಮಸ್ಕಾರ.